ಇಲಿ ಪಾಷಾಣ ತಿಂದ ಕರಿಯ, ಅವನು ಕಂಡ ಮೂರು ಆಸ್ಪತ್ರೆ

ಭಾನುವಾರ ರಾತ್ರಿ ಹನ್ನೊಂದಕ್ಕೆ ನಮ್ಮ ನಾಯಿ ಕರಿಯನ ಮೂಗಿನಿಂದ ರಕ್ತ ತೊಟ್ಟಿಕ್ಕತೊಡಗಿತು. ಹಿಂದಿನ ದಿನದಿಂದ ಮಂಕಾಗಿದ್ದ, ಅನ್ನವನ್ನು ಮೂಸಿ ಬಿಡುತ್ತಿದ್ದ. ಬಿಸಿಲಿನ ಝಳ ಎಂದುಕೊಂಡಿದ್ದೆವು. ದಾವಣಗೆರೆಯ ಏಪ್ರಿಲ್‌ನಲ್ಲಿ ಮನುಷ್ಯರೂ ಹಾಗೆಯೇ ಇರುತ್ತಾರೆ. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದಂತೆ ಬಿಳಚಿಕೊಂಡಿತ್ತು. ಅಲ್ಲಿಂದ ಮುಂದಿನ ಒಂದು ದಿನದಲ್ಲಿ ಮೂರು ಆಸ್ಪತ್ರೆ ಕಂಡೆವು. ಬೀದಿಯಲ್ಲಿ ನಾಯಿ ಸಾಕಿದವರೆಲ್ಲ ‘ಯಾವುದು ಒಳ್ಳೆಯದು’ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಆ ಗಡಿಬಿಡಿಯಲ್ಲಿ ನೆನಪಿಗೇ ಬರಲಿಲ್ಲ, ಹಾಗಾಗಿ ಅದು ಈ ಲೆಕ್ಕದಲ್ಲಿಲ್ಲ.

ಮೊದಲನೆಯದು ‘24 ಗಂಟೆ’ ಎಂದು ದೀಪದ ಫಲಕ ಹಾಕಿಕೊಂಡ ಖಾಸಗಿ ಆಸ್ಪತ್ರೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ಮೇಲೆ ವಿದೇಶಿ ನಾಯಿಗಳ ಚಿತ್ರ. ಕೌಂಟರಿನ ಹುಡುಗ ತಳಿ ಯಾವುದು ಎಂದ. ಬೀದಿಯಲ್ಲಿ ಸಿಕ್ಕಿದ್ದು ಎಂದೆ. ಅವನ ಕಂಪ್ಯೂಟರಿನಲ್ಲಿ ಅಂಥ ತಳಿ ಇರಲಿಲ್ಲ. ಹುಡುಕಿ ಹುಡುಕಿ ‘ಮಿಶ್ರ’ ಎಂದು ಒತ್ತಿದ. ಅಷ್ಟರಲ್ಲಿ ನನ್ನ ಅಂಗಿಯ ತೋಳು ಕೆಂಪಾಗಿತ್ತು. ಐದು ಸಾವಿರ ಮುಂಗಡ ಕಟ್ಟಿದ ಮೇಲೆ ತಿಳಿದದ್ದು, ಆಸ್ಪತ್ರೆ 24 ಗಂಟೆಯೂ ತೆರೆದಿರುತ್ತದೆ, ವೈದ್ಯರು ಇರುವುದಿಲ್ಲ. ಮನೆಯಿಂದ ಅವರು ಬರಲು ಐವತ್ತು ನಿಮಿಷ ಬೇಕಾಯಿತು. ಫಲಕದಲ್ಲಿ ಅದನ್ನೂ ಬರೆದಿದ್ದರೆ ನನ್ನ ಅರ್ಧ ಸಿಟ್ಟು ಇರುತ್ತಿರಲಿಲ್ಲ.

ಬಂದವರು ರಕ್ತ ತೆಗೆದು ಯಂತ್ರಕ್ಕೆ ಹಾಕಿದರು. ಬಣ್ಣದ ಕಾಗದದಲ್ಲಿ ವರದಿ ಬಂತು. ‘ಉಣ್ಣೆ ಜ್ವರ’ ಎಂದರು, ಉಣ್ಣೆ ಹುಳು ಕಚ್ಚಿ ಬರುವ ಕಾಯಿಲೆ. ಡ್ರಿಪ್, ಆ್ಯಂಟಿಬಯಾಟಿಕ್, ಜೊತೆಗೆ ರಕ್ತ ನಿಲ್ಲಲೆಂದು ತೊಡೆಗೆ ವಿಟಮಿನ್ ಕೆ ಚುಚ್ಚಿದರು. ಬಿಲ್ 7,200 ರೂಪಾಯಿ. ಬೆಳಗಿನ ಜಾವ ಮನೆಗೆ ಬಂದಾಗ ಚುಚ್ಚಿದ ಜಾಗ ಕಿತ್ತಳೆ ಹಣ್ಣಿನಷ್ಟು ಊದಿತ್ತು.

ಎರಡನೆಯದು ಸರ್ಕಾರಿ ಪಶು ಆಸ್ಪತ್ರೆ. ಬಾಗಿಲು ತೆರೆಯುವ ಮೊದಲೇ ಹೋಗಿ ಎರಡು ಎಮ್ಮೆ, ಒಂದು ಹೋತದ ಹಿಂದೆ ನಿಂತೆವು. ಕೂರಲು ಬೆಂಚಿಲ್ಲ, ಸೆಗಣಿ ತುಳಿಯದೆ ಒಳಗೆ ಹೋಗಲು ಸಾಧ್ಯವಿಲ್ಲ. ಮೇಡಂ ಕರಿಯನನ್ನು ಮುಟ್ಟುವ ಮೊದಲೇ ಕೇಳಿದರು: “ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ?”

ಇಲ್ಲ ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಬುಧವಾರ ಅಕ್ಕಿ ಚೀಲದ ಹಿಂದೆ ನೀಲಿ ಬಿಲ್ಲೆ ಇಟ್ಟವನು ನಾನೇ. ಮಗನಿಗೆ ಫೋನ್ ಮಾಡಿದೆವು. ಬಿಲ್ಲೆ ಮಾಯವಾಗಿತ್ತು, ಹರಿದ ಪೊಟ್ಟಣ ಮಾತ್ರ ಸಿಕ್ಕಿತು. ಅವನು ಕಳಿಸಿದ ಚಿತ್ರದಲ್ಲಿ ‘ಬ್ರೊಮಾಡಿಯೋಲೋನ್’ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರತಿವಿಷ ವಿಟಮಿನ್ ಕೆ1.

ಮೇಡಂ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಿಡಿದು ಕೈಗಡಿಯಾರ ನೋಡಿದರು. ಅಷ್ಟೇ ಪರೀಕ್ಷೆ. ಕಾಲು ಗಂಟೆಯೊಳಗೆ ಹೆಪ್ಪುಗಟ್ಟಬೇಕಿದ್ದ ರಕ್ತ ಮುಕ್ಕಾಲು ಗಂಟೆಯಾದರೂ ನೀರಾಗಿಯೇ ಇತ್ತು. ನಡುವೆ ಒಂದು ಎಮ್ಮೆಯನ್ನೂ ನೋಡಿ ಮುಗಿಸಿದರು. ಈ ವಿಷ ದೇಹದಲ್ಲಿ ವಿಟಮಿನ್ ಕೆ ಮರುಬಳಕೆಯಾಗುವುದನ್ನು ತಡೆಯುತ್ತದೆಯಂತೆ. ರಕ್ತದಲ್ಲಿ ಮೊದಲೇ ಇದ್ದ ಹೆಪ್ಪುಗಟ್ಟಿಸುವ ಅಂಶಗಳು ಮುಗಿಯುವವರೆಗೆ ನಾಯಿ ಆರಾಮವಾಗಿ ಓಡಾಡಿಕೊಂಡಿರುತ್ತದೆ, ಮೂರು ನಾಲ್ಕು ದಿನದ ಮೇಲೆ ಒಮ್ಮೆಗೇ ಕುಸಿಯುತ್ತದೆ. ರಾತ್ರಿಯ ಬಣ್ಣದ ವರದಿ ನೋಡಿ, “ಪ್ಲೇಟ್‌ಲೆಟ್ ಸರಿಯಾಗಿಯೇ ಇದೆಯಲ್ಲ, ಉಣ್ಣೆ ಜ್ವರದಲ್ಲಿ ಬೀಳುವುದೇ ಅದು” ಎಂದರು. ಬಿಲ್ಲಿನ ಮೇಲೆ ಬೆರಳಿಟ್ಟು, ಹಾಕಿರುವುದು ಕೆ3, ಈ ವಿಷಕ್ಕೆ ಅದು ಕೆಲಸಕ್ಕೆ ಬಾರದು ಎಂದರು. ರಕ್ತ ಹೆಪ್ಪುಗಟ್ಟದ ನಾಯಿಯ ಮಾಂಸಖಂಡಕ್ಕೆ ಸೂಜಿ ಚುಚ್ಚಿದ್ದರ ಬಗ್ಗೆ ಏನೂ ಹೇಳಲಿಲ್ಲ, ತುಟಿ ಬಿಗಿ ಹಿಡಿದರು.

ಆದರೆ ಅಲ್ಲಿ ಕೆ1 ಇರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿ ಚೀಟಿ ಬರೆದುಕೊಟ್ಟರು. ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮದು. ಹೆರಿಗೆ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಿತು. ಹುಟ್ಟಿದ ಕೂಸಿಗೆ ರಕ್ತಸ್ರಾವವಾಗದಿರಲೆಂದು ಕೊಡುವುದು ಇದನ್ನೇ. ಮೇಡಂ ಅದನ್ನು ಕರಿಯನಿಗೆ ಸಣ್ಣ ಸೂಜಿಯಲ್ಲಿ ಚರ್ಮದ ಕೆಳಗೆ ಹಾಕಿ, “ಇದು ಕೆಲಸ ಮಾಡಲು ಅರ್ಧ ದಿನವಾದರೂ ಬೇಕು, ಅಲ್ಲಿಯವರೆಗೆ ಇವನಿಗೆ ರಕ್ತ ಬೇಕು. ಶಿವಮೊಗ್ಗಕ್ಕೆ ಹೋಗಿ, ಜೊತೆಗೆ ಒಂದು ಗಟ್ಟಿಮುಟ್ಟಾದ ನಾಯಿಯನ್ನೂ ಒಯ್ಯಿರಿ” ಎಂದರು.

ಹೀಗಾಗಿ ಮೂರನೆಯದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ದಾರಿಯಲ್ಲಿ ಹೊನ್ನಾಳಿಯಲ್ಲಿ ಭಾವನ ಮುಧೋಳ ನಾಯಿಯನ್ನು ಹತ್ತಿಸಿಕೊಂಡೆವು. ಹಿಂದಿನ ಸೀಟಿನಲ್ಲಿ ಅದಕ್ಕೆ ಕಾಲು ಮಡಚುವುದೇ ದೊಡ್ಡ ಸಾಹಸ. ಕಾಲೇಜಿನಲ್ಲಿ ಯಾವ ಬಾಗಿಲು ಎಂದು ಹುಡುಕುವುದರಲ್ಲೇ ಸಮಯ ಹೋಯಿತು, ಸರದಿಯೂ ಉದ್ದವಿತ್ತು. ಒಳಗೆ ಹೋದ ಮೇಲೆ ಮಾತ್ರ ಚಿಂತೆ ಇಲ್ಲ. ನಾಯಿಗಳಲ್ಲಿ ಮೊದಲ ಸಲ ರಕ್ತ ಕೊಡುವಾಗ ಗುಂಪು ಹೊಂದದಿದ್ದರೂ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ ಎಂದು ಅಧ್ಯಾಪಕರು ವಿದ್ಯಾರ್ಥಿಗಳಿಗೆ ವಿವರಿಸುತ್ತಲೇ ಚೀಲ ತೂಗುಹಾಕಿದರು. ಸಂಜೆಗೆ ಕರಿಯನ ಒಸಡಿಗೆ ತುಸು ಬಣ್ಣ ಬಂತು. ಡೀಸೆಲ್ ಖರ್ಚು ಆಸ್ಪತ್ರೆಯ ಖರ್ಚಿಗಿಂತ ಹೆಚ್ಚಾಯಿತು.

ಆಮೇಲೆ ನಾಲ್ಕು ವಾರ ಕೆ1 ಮಾತ್ರೆ. ಜಿಡ್ಡಿನ ಜೊತೆ ಕೊಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದಿದ್ದರು. ಈ ಊರಿನಲ್ಲಿ ಬೆಣ್ಣೆಗೆ ಏನು ಬರ? ಮಾತ್ರೆ ನಿಲ್ಲಿಸಿದ ಎರಡು ದಿನಕ್ಕೆ ಮತ್ತೆ ಮೇಡಂ ಬಳಿ, ಅದೇ ನಳಿಕೆ, ಅದೇ ಕೈಗಡಿಯಾರ. ಏಳು ನಿಮಿಷಕ್ಕೆ ಹೆಪ್ಪುಗಟ್ಟಿತು.

ಹಗಲಾಗಿದ್ದರೆ ನನ್ನ ಆಯ್ಕೆ ಸರ್ಕಾರಿ ಆಸ್ಪತ್ರೆಯೇ, ಸೆಗಣಿ ತುಳಿದರೂ ಸರಿ. ಒಂದು ರಾತ್ರಿ ಕಾಯಬಹುದಾದ ದೊಡ್ಡ ಕಾಯಿಲೆಯಾದರೆ ಶಿವಮೊಗ್ಗ. ರಾತ್ರಿ ಹನ್ನೊಂದಕ್ಕೆ ಮತ್ತೆ ರಕ್ತ ಸುರಿದರೆ? ಹೇಳಲು ಮನಸ್ಸಿಲ್ಲದಿದ್ದರೂ ಆ ಗಾಜಿನ ಬಾಗಿಲಿಗೇ ಹೋಗುತ್ತೇನೆ, ಆ ಹೊತ್ತಿನಲ್ಲಿ ನನಗೆ ಗೊತ್ತಿರುವ ತೆರೆದ ಬಾಗಿಲು ಅದೊಂದೇ. ಬೆಳಗಿನವರೆಗೆ ಕರಿಯ ಉಳಿದದ್ದರಲ್ಲಿ ಅವರ ಡ್ರಿಪ್‌ನ ಪಾಲೂ ಇದ್ದೀತು. ಆದರೆ ಹೊರಡುವ ಮೊದಲೇ ಫೋನ್ ಮಾಡಿ ವೈದ್ಯರು ಒಳಗಿದ್ದಾರೆಯೇ ಎಂದು ಕೇಳುತ್ತೇನೆ. ಮನೆಯಲ್ಲಿ ಏನೇನು ಇಟ್ಟಿದ್ದೇನೆ ಎಂಬುದನ್ನು, ಯಾರೂ ಕೇಳದಿದ್ದರೂ, ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ. ಈಗ ಅಕ್ಕಿ ಚೀಲದ ಹಿಂದೆ ಇರುವುದು ಮರದ ಇಲಿಬೋನು ಮಾತ್ರ. ಕರಿಯ ಅದಕ್ಕೂ ಒಮ್ಮೆ ಮೂಗು ತೂರಿಸಿ ಏಟು ತಿಂದಿದ್ದಾನೆ.