ಜ್ವರಕ್ಕೆ ಪ್ಯಾರಾಸಿಟಮಾಲೋ, ಅಮೃತಬಳ್ಳಿ ಕಷಾಯವೋ?

ಯಾರಿಗೇ ಜ್ವರ ಬಂದರೂ ನಮ್ಮ ಮನೆಯಲ್ಲಿ ಎರಡು ಪಕ್ಷ. ಒಂದು ಮಾತ್ರೆಯದು, ಇನ್ನೊಂದು ಹಿತ್ತಲಿನ ಅಮೃತಬಳ್ಳಿಯದು.

ಮೈ ಬಿಸಿ ಇಳಿಯಬೇಕು, ಮೈಕೈ ನೋವು ತಗ್ಗಬೇಕು ಅಂದ್ರೆ ನನ್ನ ಓಟು ಮಾತ್ರೆಗೇ. ಒಂದು ಗಂಟೆಯೊಳಗೆ ಬೆವರು ಬಿಡುತ್ತದೆ. ಎಷ್ಟು ಮಿಲಿಗ್ರಾಂ ಅಂತ ಅದರ ಮೇಲೇ ಬರೆದಿರುತ್ತದೆ. ಕಷಾಯಕ್ಕೆ ಆ ಲೆಕ್ಕ ಇಲ್ಲ. ಹೆಬ್ಬೆರಳು ದಪ್ಪದ ಕಾಂಡವೋ, ಕಿರುಬೆರಳಿನದೋ, ಎಷ್ಟು ಹೊತ್ತು ಕುದಿಸಿದ್ದೋ, ಅಜ್ಜಿಗೇ ಗೊತ್ತು.

ಹಾಗಂತ ಮಾತ್ರೆ ಸಾಧುವೇನಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ, ಅಲ್ಲಿಗೆ ಮುಗೀತು. ಶೀತದ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಜಾಸ್ತಿಯಾದರೆ ಪೆಟ್ಟು ಬೀಳೋದು ಲಿವರ್‌ಗೆ. ದಿನಾ ಮದ್ಯ ಕುಡಿಯುವವರಿಗೆ, ತೀರಾ ಸಣಕಲು ಇರುವವರಿಗೆ ಮಿತಿ ಇನ್ನೂ ಕಡಿಮೆ.

ತಮಾಷೆ ನೋಡಿ, ಬಳ್ಳಿಯ ಮೇಲಿನ ದೂರೂ ಲಿವರ್‌ದೇ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಕಾಮಾಲೆ ಬಂದಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇದ್ದೀತು ಎಂದಿತು. ಎರಡರ ಎಲೆಯೂ ಹೃದಯದಾಕಾರ, ಗುರುತು ತಪ್ಪೋದು ಸುಲಭ ಅಲ್ವಾ? ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಸುಮ್ನೆ ಕುಡಿಯಬೇಡಿ, ಸಕ್ಕರೆ ಇನ್ನಷ್ಟು ಇಳಿಯಬಹುದು.

ಮೂರನೇ ದಿನಕ್ಕೂ ಜ್ವರ ಬಿಡದಿದ್ದರೆ ಎರಡೂ ಪಕ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲವಾದರೆ ಡೆಂಗಿ ಇರಬಹುದು. ಅದು ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.