ಪಾಸ್‌ವರ್ಡ್ ಬದಲಿಸಿದರೂ ನಮ್ಮ ವೈ-ಫೈಗೆ ಬೇರೆಯವರು ಸೇರುತ್ತಲೇ ಇದ್ದರು

ಮೂರು ಮಹಡಿಯ ಕಟ್ಟಡದಲ್ಲಿ ನಮ್ಮದು ನಡುವಿನ ಬಾಡಿಗೆ ಮನೆ. ಇಂಟರ್‌ನೆಟ್ ಸಂಪರ್ಕ ಕೊಡಲು ಬಂದವರು, ಮನೆಯೊಳಗೆ ಗೋಡೆ ಕೊರೆಯುವುದು ಬೇಡವೆಂದು ರೌಟರನ್ನು ಹೊರಗೆ ಮೆಟ್ಟಿಲ ಪಕ್ಕದ ಗೋಡೆಗೇ ಹಾಕಿ ಹೋದರು. ನಾವೂ ಒಪ್ಪಿಕೊಂಡೆವು. ಅದರಿಂದ ಮೂರು ತಿಂಗಳು ಪಟ್ಟ ಪಾಡು ಇನ್ನೊಬ್ಬರಿಗೆ ಬಾರದಿರಲೆಂದು ಬರೆಯುತ್ತಿದ್ದೇನೆ.

ಪ್ರತಿ ತಿಂಗಳು 20ನೇ ತಾರೀಖಿನ ಹೊತ್ತಿಗೇ ಡೇಟಾ ಮಿತಿ ಮುಗಿದು, ಮಗಳ ಆನ್‌ಲೈನ್ ಪಾಠ ನಡುನಡುವೆ ನಿಲ್ಲತೊಡಗಿತು. ರೌಟರಿನ ಪುಟ ತೆರೆದು ನೋಡಿದರೆ, ನಮ್ಮ ಐದು ಸಾಧನಗಳ ಜೊತೆಗೆ ಗುರುತಿಲ್ಲದ ಮೂರು ಫೋನುಗಳಿದ್ದವು. ಪಾಸ್‌ವರ್ಡ್ ಬದಲಿಸಿದೆ, ಎರಡೇ ದಿನಗಳಲ್ಲಿ ಮರಳಿ ಬಂದವು. ಅವುಗಳ ಮ್ಯಾಕ್ ವಿಳಾಸಗಳನ್ನು (ನೆಟ್‌ವರ್ಕಿನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಗಳನ್ನು) ತಡೆಹಿಡಿದೆ; ಬೇರೆ ವಿಳಾಸಗಳೊಂದಿಗೆ ಮತ್ತೆ ಬಂದವು. ಈಗಿನ ಫೋನುಗಳು ನಿಜವಾದ ವಿಳಾಸದ ಬದಲು ಇನ್ನೊಂದನ್ನು ತೋರಿಸಬಲ್ಲವಾದ್ದರಿಂದ ಈ ತಡೆಯನ್ನು ನಂಬಿ ಕೂರುವಂತಿಲ್ಲ.

ನೆಟ್‌ವರ್ಕ್ ಕೆಲಸ ಬಲ್ಲ ನನ್ನ ಭಾವಮೈದುನ ಬಂದು ನೋಡಿದ ಮೇಲೆ ಕಾರಣ ತಿಳಿಯಿತು. ರೌಟರಿನಲ್ಲಿ, ಪಾಸ್‌ವರ್ಡ್ ಬರೆಯದೆಯೇ ಸಾಧನಗಳನ್ನು ವೈ-ಫೈಗೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯ ಆನ್ ಆಗಿಯೇ ಇತ್ತು, ಅದರ ಎಂಟು ಅಂಕಿಗಳ ಪಿನ್ ರೌಟರಿನ ಹಿಂಬದಿಯ ಚೀಟಿಯಲ್ಲಿ ಅಚ್ಚಾಗಿತ್ತು, ಮೆಟ್ಟಿಲು ಹತ್ತುವ ಯಾರಾದರೂ ಅದನ್ನು ಓದಬಹುದಿತ್ತು. ಆ ಪಿನ್ ಕೊಟ್ಟವರಿಗೆ ರೌಟರ್ ತಾನಾಗಿಯೇ ಪಾಸ್‌ವರ್ಡನ್ನು ಒಪ್ಪಿಸುತ್ತದೆಯಾದ್ದರಿಂದ, ನಾನು ಎಷ್ಟು ಸಲ ಬದಲಿಸಿದರೂ ಹೊಸದು ಅವರ ಕೈಸೇರುತ್ತಿತ್ತು. ಚೀಟಿ ಮರೆಮಾಡಿದರಷ್ಟೇ ಸಾಲದು: ಪಿನ್ನಿನ ಎರಡು ಭಾಗಗಳನ್ನು ರೌಟರ್ ಬೇರೆಬೇರೆಯಾಗಿ ಪರಿಶೀಲಿಸುವುದರಿಂದ, ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದನ್ನು ಕಂಡುಹಿಡಿಯಬಹುದೆಂಬುದು 2011ರಲ್ಲಿಯೇ ಬಯಲಾಗಿದೆ.

ಡೇಟಾ ಹೋದದ್ದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಬಂದ ಬೆದರಿಕೆಯ ಇ-ಮೇಲ್, ನವಿ ಮುಂಬೈಯಲ್ಲಿ ನೆಲೆಸಿದ್ದ ಅಮೆರಿಕನ್ನರೊಬ್ಬರ ವೈ-ಫೈ ಮೂಲಕ ಹೋಗಿತ್ತು; ತನಿಖೆ ಮೊದಲು ಬಂದು ನಿಂತದ್ದು ಅವರ ಬಾಗಿಲಲ್ಲಿ. ನಮ್ಮ ಸಂಪರ್ಕವೂ ನನ್ನ ಹೆಸರಿನಲ್ಲಿದೆ, ಆ ಮೂರು ಫೋನುಗಳಲ್ಲಿ ಏನು ನಡೆಯುತ್ತಿತ್ತೋ ನನಗೆ ತಿಳಿಯದು.

ಅಂದು ಸಂಜೆಯೇ ಮೊದಲು ಡಬ್ಲ್ಯುಪಿಎಸ್ ಆಫ್ ಮಾಡಿ, ಹೊಸದರಲ್ಲಿದ್ದಂತೆಯೇ ಉಳಿದಿದ್ದ ಅಡ್ಮಿನ್ ಪಾಸ್‌ವರ್ಡನ್ನು (ರೌಟರಿನ ಪುಟ ತೆರೆಯಲು ಬೇಕಾದದ್ದನ್ನು) ಬದಲಿಸಿ, ಕೊನೆಗೆ ವೈ-ಫೈ ಪಾಸ್‌ವರ್ಡನ್ನು ಬದಲಿಸಿದೆವು. ಈ ಕ್ರಮ ತಪ್ಪಿದರೆ ಶ್ರಮ ವ್ಯರ್ಥ. ಮಾಲೀಕರ ಒಪ್ಪಿಗೆ ಪಡೆದು ರೌಟರನ್ನು ಒಳಗೆ ತಂದೆವು, ನೆಂಟರಿಗೆಂದು ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಇಟ್ಟೆವು. ಅಂದಿನಿಂದ ಪಟ್ಟಿಯಲ್ಲಿ ನಮ್ಮ ಸಾಧನಗಳಷ್ಟೇ ಇವೆ. ನಿಮ್ಮ ರೌಟರಿನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡುವ ಅವಕಾಶವೇ ಇಲ್ಲದಿದ್ದರೆ, ಸಂಪರ್ಕ ಕೊಟ್ಟವರನ್ನು ಪಟ್ಟುಹಿಡಿದು ಕೇಳಿ ಬೇರೆ ರೌಟರ್ ಹಾಕಿಸಿಕೊಳ್ಳಿ.