ಬೆಲ್ಲಸ್ ಅಂತ ಕೊಂಡೆ, ಸಿಕ್ಕಿದ್ದು ಬೇವು

ನಾಚಿಕೆ ಬಿಟ್ಟು ಬರೀತಿದ್ದೀನಿ. ಹಿಮಯುಗದ ಆರ್ಮಡಿಲ್ಲೊ ಅನ್ನೋ ಕವಚದ ಪ್ರಾಣಿಯ ಮೂಳೆ ಅಂತ ನಂಬಿ ಆನ್‌ಲೈನಲ್ಲಿ ಕೊಂಡೆ. 185 ಡಾಲರ್ ಹೋಯ್ತು, ಅದು ಹಾಳಾಗ್ಲಿ. ಕನ್ನಡ ಶಾಲೆಯ 14 ಮಕ್ಕಳ ಮುಂದೆ ಮರ್ಯಾದೆ ಹೋಯ್ತಲ್ಲ, ಅದನ್ನ ಇನ್ನೂ ನುಂಗೋಕೆ ಆಗ್ತಿಲ್ಲ. ಫ್ಲಾರಿಡಾದಲ್ಲಿರೋ ನಮ್ಮವರು ಸುಮಾರು ಜನ ಈಗ ಪಳೆಯುಳಿಕೆ ಹುಡುಕೋಕೆ ಜರಡಿ ಹಿಡ್ಕೊಂಡು ಪೀಸ್ ನದಿಗೆ ಇಳೀತಿದ್ದಾರೆ. ನದೀಲಿ ಸಿಗದೇ ಇದ್ದದ್ದನ್ನ ಆನ್‌ಲೈನಲ್ಲಿ ಕೊಳ್ಳೋ ಚಟಾನೂ ಜೊತೆಗೇ ಬರುತ್ತೆ. ನನಗೆ ಬಂತು. ಅದಕ್ಕೇ ಹೇಳ್ತಿರೋದು.

ನಾಲ್ಕು ಚಳಿಗಾಲದಿಂದ ಆರ್ಕೇಡಿಯಾ ಹತ್ತಿರ ನೀರಿಗಿಳಿದಿದ್ದೀನಿ. ಶಾರ್ಕ್ ಹಲ್ಲು ಬೊಗಸೆಗಟ್ಟಲೆ ಸಿಕ್ಕಿದೆ, ಆಮೆ ಚಿಪ್ಪಿನ ಚೂರು, ಕಡಲಹಸುವಿನ ಪಕ್ಕೆಲುಬು ಲೆಕ್ಕವಿಲ್ಲ. ಆದರೆ ಹಿಮಯುಗದ ಆರ್ಮಡಿಲ್ಲೊದ ಒಂದೇ ಒಂದು ಬಿಲ್ಲೆ ಸಿಗಲಿಲ್ಲ. ಆ ಪ್ರಾಣಿಯ ಮೈಮೇಲಿನ ಕವಚ ಸಾವಿರಾರು ಪುಟ್ಟ ಮೂಳೆ ಬಿಲ್ಲೆಗಳನ್ನ ಜೋಡಿಸಿ ಮಾಡಿದ್ದು. ಸತ್ತ ಮೇಲೆ ಎಲ್ಲ ಬಿಡಿಬಿಡಿಯಾಗಿ ನದಿ ಪಾಲು. ಊರಿಗೆ ಫೋನ್ ಮಾಡಿದಾಗ ಅಮ್ಮ "ನಮ್ಮ ಚಿಪ್ಪುಹಂದಿನೇ ಅಲ್ವೇನೋ ಅದು?" ಅಂದ್ರು. ಅಲ್ಲಮ್ಮಾ, ಚಿಪ್ಪುಹಂದಿಯದ್ದು ಉಗುರಿನ ಜಾತಿ, ಕೊಳೆತು ಹೋಗುತ್ತೆ. ಇದು ಮೂಳೆ, ಉಳಿಯುತ್ತೆ ಅಂತ ದೊಡ್ಡ ಪಂಡಿತನ ಹಾಗೆ ಪಾಠ ಮಾಡಿದೆ. ಪಂಡಿತ!

ಮಾರೋನು ಹಾಕಿದ್ದ ಫೋಟೋದಲ್ಲಿ ಕಪ್ಪು ಬಟ್ಟೆ ಮೇಲೆ 12 ಉದ್ದನೆ ಬಿಲ್ಲೆ, ಮಧ್ಯೆ ಒಂದು ದೊಡ್ಡದು. "ಹಿಮಯುಗದ ಆರ್ಮಡಿಲ್ಲೊ, ಪೀಸ್ ನದಿ, ದೊಡ್ಡದು ಹೋಮ್ಸಿನಾ, ನೂರಕ್ಕೆ ನೂರು ಅಸಲಿ." ಹೋಮ್ಸಿನಾ ಅಂದ್ರೆ ಆರ್ಮಡಿಲ್ಲೊದ ಅಳಿದುಹೋದ ದೈತ್ಯ ನೆಂಟ. ಪಕ್ಕದಲ್ಲಿ ಸ್ಕೇಲ್ ಇಲ್ಲ, ಒಂದು ನಾಣ್ಯಾನೂ ಇಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಚಿಕ್ಕವು ಡ್ಯಾಸಿಪಸ್ ಬೆಲ್ಲಸ್, ಅಂದ್ರೆ ಆ ಅಳಿದುಹೋದ ಹಿಮಯುಗದ ಜಾತಿ ತಾನೇ? ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ. ಅದನ್ನ ನೋಡಿ ದುಡ್ಡು ಕಳಿಸಿದೆ. ಹೆಬ್ಬೆಟ್ಟು ತೋರಿಸಿದ್ದು ಅವನು, ಹೆಬ್ಬೆಟ್ಟು ಆಗಿದ್ದು ನಾನು.

ಪಾರ್ಸೆಲ್ ಬಂದಾಗ ಖುಷಿಯೋ ಖುಷಿ. ಒಳ್ಳೆ ಕರೀ ಬಣ್ಣ. ಒಂದೊಂದರ ಮೇಲೂ ಸಣ್ಣ ತೂತುಗಳ ಎರಡು ಸಾಲು, ಮುಂದಕ್ಕೆ ಹೋಗ್ತಾ ಹೋಗ್ತಾ ಒಂದಕ್ಕೊಂದು ಹತ್ತಿರ ಬಂದು ಚೂಪಾದ ತ್ರಿಕೋನದ ಆಕಾರ. ಮುಂದಿನ ತುದಿ ನುಣುಪು, ಯಾಕಂದ್ರೆ ಅದು ಕವಚದಲ್ಲಿ ತನ್ನ ಮುಂದಿರೋ ಪಟ್ಟಿಯ ಅಡಿಗೆ ತೂರಿಕೊಂಡಿರುತ್ತೆ. ಓದಿದ್ದೆಲ್ಲ ಸರಿಹೋಯ್ತು. ಸರಿಹೋಗಲೇಬೇಕಿತ್ತು! ಯಾಕೆ ಅಂತ ಆಮೇಲೆ ಹೇಳ್ತೀನಿ.

ಭಾನುವಾರ ದೇವಸ್ಥಾನದ ಹಾಲ್‌ನಲ್ಲಿ ಮಕ್ಕಳಿಗೆ ತೋರಿಸಿದೆ. 1929ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಅನ್ನೋ ವಿಜ್ಞಾನಿ ಇದಕ್ಕೆ ಹೆಸರಿಟ್ಟರು, ಬೆಲ್ಲಸ್ ಅಂದ್ರೆ ಲ್ಯಾಟಿನ್‌ನಲ್ಲಿ ಚೆಂದದ್ದು ಅಂತ. ಮಕ್ಕಳು "ಬೆಲ್ಲ, ಬೆಲ್ಲ" ಅಂತ ನಕ್ಕವು. ಸುಮಾರು 30 ಲಕ್ಷ ವರ್ಷದ ಹಿಂದೆ ಪನಾಮಾದಲ್ಲಿ ನೆಲ ಕೂಡಿಕೊಂಡಿತು, ದಕ್ಷಿಣ ಅಮೆರಿಕದಿಂದ ಈ ಬಳಗ ನಡ್ಕೊಂಡೇ ಮೇಲೆ ಬಂತು, ಹಿಮಯುಗ ಮುಗಿಯೋ ಹೊತ್ತಿಗೆ ಬೆಲ್ಲಸ್ ಅಳಿದುಹೋಯ್ತು, ಅಂತ ಕಥೆ ಹೇಳ್ತಾ ಬಿಲ್ಲೆಗಳನ್ನ ಕೈಯಿಂದ ಕೈಗೆ ದಾಟಿಸಿದೆ. ಒಂಬತ್ತು ವರ್ಷದ ಹುಡುಗಿ ಭೂತಗನ್ನಡಿ ಇಟ್ಟು ನೋಡ್ತಾ ಕೂತಿದ್ದವಳು ತಲೆ ಎತ್ತಿ, "ಅಂಕಲ್, ಇದರಲ್ಲಿ ಕೂದಲಿದೆ" ಅಂದಳು.

ನಾನು ಏನಂದೆ ಗೊತ್ತಾ? "ಅದು ಬೇರು ಕಣಮ್ಮಾ, ನದೀಲಿ ಅಂಟಿಕೊಂಡಿರುತ್ತೆ" ಅಂದೆ. ನೋಡದೇ ಅಂದೆ. ಆ ಮಾರೋನ ಪರವಾಗಿ ನಾನೇ ಸುಳ್ಳು ಹೇಳಿದೆ, ಅದೂ ಒಂದು ಮಗುವಿಗೆ.

ರಾತ್ರಿ ನಿದ್ದೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಸೂಜಿನ ಸ್ಟೌ ಮೇಲೆ ಕೆಂಪಗೆ ಕಾಯಿಸಿ ಒಂದು ಬಿಲ್ಲೆಯ ಹಿಂಬದಿಗೆ ಒತ್ತಿದೆ. ಚುರ್ ಅಂತು. ರೂಮಿನಿಂದ ಹೆಂಡತಿ, "ಏನ್ರೀ ಅದು, ಕೂದಲು ಸುಡ್ತಿದ್ದೀರಾ?" ಪಳೆಯುಳಿಕೆ ಆಗಿದ್ರೆ ಆ ವಾಸನೆ ಬರೋದೇ ಇಲ್ಲ. ಹಸಿ ಮೂಳೆಯ ಅಂಟಿನಂಶ ಇನ್ನೂ ಹಾಗೇ ಇದ್ರೆ ಮಾತ್ರ ಹಾಗೆ ನಾರುತ್ತೆ. ಇನ್ನೊಂದು ಸುಟ್ಟೆ. ಅದೂ ಅದೇ. ಮೂರನೇದು, ನಾಲ್ಕನೇದು... ಹನ್ನೆರಡೂ ಅದೇ! ತೂತಿನ ಸಾಲಲ್ಲಿ ಮೋಟು ಕೂದಲು ಇತ್ತು, ಹುಡುಗಿ ಹೇಳಿದ ಹಾಗೇ.

ಬೆಳಿಗ್ಗೆ ರಸ್ತೆ ಪಕ್ಕ ಕಾರಿಗೆ ಸಿಕ್ಕಿ ಒಣಗಿದ್ದ ಒಂದು ಆರ್ಮಡಿಲ್ಲೊ ಹತ್ತಿರ ನಿಲ್ಲಿಸಿದೆ. ಇಲ್ಲಿ ಅದಕ್ಕೇನು ಬರ, ಬೆಚ್ಚಿದರೆ ನೆಟ್ಟಗೆ ಮೇಲಕ್ಕೆ ಹಾರಿ ಗಾಡಿಗೆ ಬಡ್ಕೊಂಡು ಸಾಯುತ್ತೆ. ಗ್ಲೌಸ್ ಹಾಕ್ಕೊಂಡು ನನ್ನ "ಹಿಮಯುಗ"ವನ್ನ ಪಕ್ಕದಲ್ಲಿ ಹಿಡಿದೆ. ಅದೇ ಉದ್ದ, ಅದೇ ಅಗಲ, ಅದೇ ತ್ರಿಕೋನ. ಇದೇ ವಿಷಯ ನೋಡಿ: ಈಗಿರೋ ಒಂಬತ್ತು ಪಟ್ಟಿಯ ಆರ್ಮಡಿಲ್ಲೊಗೂ ಬೆಲ್ಲಸ್‌ಗೂ ಬಿಲ್ಲೆಯ ಕೆತ್ತನೆ ಹೆಚ್ಚುಕಮ್ಮಿ ಒಂದೇ. ಎದ್ದು ಕಾಣೋ ವ್ಯತ್ಯಾಸ ಗಾತ್ರದಲ್ಲಿ, ಬೆಲ್ಲಸ್‌ದು ಸುಮಾರು ಎರಡು ಪಟ್ಟು ದೊಡ್ಡದು. ಹಾಗಾಗಿಯೇ ಫೋಟೋದಲ್ಲಿ ಸ್ಕೇಲ್ ಇರಲಿಲ್ಲ. ನನ್ನವು ಒಂದಿಂಚೂ ಇಲ್ಲ. ಬಣ್ಣ ನೋಡಿ ಮೋಸ ಹೋದೆ. ಪೀಸ್ ನದಿ ನೀರು ಕಾಫಿ ಡಿಕಾಕ್ಷನ್ ಇದ್ದ ಹಾಗಿರುತ್ತೆ, ಎಲೆ ತೊಗಟೆ ಕೊಳೆತ ಬಣ್ಣ. ಮೊನ್ನೆ ಸತ್ತಿದ್ದರ ಮೂಳೆಯೂ ಅದರಲ್ಲಿ ಬಿದ್ದಿದ್ರೆ ಕಪ್ಪಾಗುತ್ತೆ. ಕೂದಲು ಉಳಿದಿರೋದು ನೋಡಿದ್ರೆ ಇವು ನದೀನೂ ನೋಡಿರಲಿಲ್ಲ ಅನ್ಸುತ್ತೆ, ಅವನ ಮನೆ ಬಕೆಟ್‌ನಲ್ಲೇ ಟೀ ಸೊಪ್ಪಿನ ಜೊತೆ ನೆಂದಿರಬೇಕು.

ಇಲ್ಲಿನ ಕೆಲವು ಕಾಡು ಆರ್ಮಡಿಲ್ಲೊಗಳಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯಾ ಇರುತ್ತೆ. ಒಣ ಮೂಳೆಯಿಂದ ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ, ಆದ್ರೆ 14 ಮನೆಗೂ ಫೋನ್ ಮಾಡಿ ವಿಷಯ ತಿಳಿಸೋದು ತಪ್ಪಲಿಲ್ಲ. ಒಬ್ಬರು ನಕ್ಕರು. ಒಬ್ಬರು ನಗಲಿಲ್ಲ.

ದೊಡ್ಡ ಬಿಲ್ಲೆ? ಅದೊಂದು ತಮಾಷೆ. ಸೂಜಿಗೆ ವಾಸನೆ ಬರಲಿಲ್ಲ, ಹಲ್ಲಿಗೆ ತಟ್ಟಿದರೆ ಪಿಂಗಾಣಿ ಥರ ಠಣ್ ಅಂತು. ಪಳೆಯುಳಿಕೆಯೇ, ಆದ್ರೆ ಆಲಿಗೇಟರ್‌ದು! ಮೇಲೆಲ್ಲ ಆಳವಾದ ಗುಂಡು ಗುಳಿ, ಒಣ ಮರಳಿನ ಮೇಲೆ ದಪ್ಪ ಮಳೆಹನಿ ಬಿದ್ದ ಹಾಗೆ, ನಡುವೆ ಚೂಪಾದ ಏಣು. ಹೋಮ್ಸಿನಾ ಬಿಲ್ಲೆ ಹಾಗಿರಲ್ಲ. ನಡುವಿನ ದಿಂಡು ಹೆಚ್ಚು ಎತ್ತರ ಇರಲ್ಲ, ಅದರ ಸುತ್ತ ಕಾಲುವೆ ಥರ ತಗ್ಗು, ಅಂಚಿನಲ್ಲಿ ಸಣ್ಣ ತೂತುಗಳು. 1889ರಲ್ಲೇ ಜೋಸೆಫ್ ಲೈಡಿ ಆ ಪ್ರಾಣಿಯನ್ನ ವರ್ಣಿಸಿದ್ದಾರೆ, ಚಿತ್ರಗಳು ಎಲ್ಲೆಡೆ ಸಿಗುತ್ತವೆ, ನೋಡಬಹುದಿತ್ತು. ನೋಡಲಿಲ್ಲ.

ಈಗ ಆ ಮಾರೋನ ಉತ್ತರಗಳು. ಇವನ್ನ ನೆನೆಸ್ಕೊಂಡರೆ ಈಗಲೂ ಮೈ ಉರಿಯುತ್ತೆ.

ಇವು ಹೊಸ ಮೂಳೆ ಅಂದೆ. "ಆರ್ಮಡಿಲ್ಲೊ ಅಂದಿದ್ದೆ, ಆರ್ಮಡಿಲ್ಲೊನೇ ಕೊಟ್ಟಿದ್ದೀನಿ" ಅಂದ.

ಹಿಮಯುಗ ಅಂತ ಬರೆದಿದ್ದೀರಲ್ಲ ಅಂದೆ. "ಈ ಜಾತಿಯ ಪ್ರಾಣಿಗಳು ಹಿಮಯುಗದಲ್ಲೂ ಇದ್ದವು" ಅಂದ.

ಬೆಲ್ಲಸ್ ಅಂತ ಕೇಳಿದ್ದಕ್ಕೆ ಹೆಬ್ಬೆರಳು ತೋರಿಸಿದ್ರಲ್ಲ ಅಂದೆ. "ಅದು ನಿಮ್ಮ ಮೆಸೇಜ್ ನೋಡಿದೆ ಅಂತ."

ನೋಡಿದೆ ಅಂತ! ಎರಡು ದಿನ ಇದನ್ನೇ ಗೊಣಗಿಕೊಂಡು ಓಡಾಡಿದ್ದೀನಿ.

ಪರ್ಮಿಟ್ ನಂಬರ್ ಕೇಳಿದೆ. ಶಾರ್ಕ್ ಹಲ್ಲು ಬಿಟ್ಟು ಬೆನ್ನುಮೂಳೆ ಪ್ರಾಣಿಗಳ ಪಳೆಯುಳಿಕೆ ಸರ್ಕಾರಿ ಜಾಗದಿಂದ ಎತ್ತೋಕೆ ಇಲ್ಲಿ ಫ್ಲಾರಿಡಾ ಮ್ಯೂಸಿಯಂನ ಪರ್ಮಿಟ್ ಬೇಕು, ನಾನು ತಗೊಂಡಾಗ ವರ್ಷಕ್ಕೆ 5 ಡಾಲರ್. ಅದಕ್ಕೆ ಮೂರು ದಿನ ಉತ್ತರವೇ ಇಲ್ಲ. ಆಮೇಲೆ, "ಬಿಲ್ಲೆ ಸುಟ್ಟಿದ್ದೀರಿ, ಹಾಳು ಮಾಡಿದ ಮಾಲು ವಾಪಸ್ ತಗೊಳ್ಳಲ್ಲ." ನಾನೇ ಸುಟ್ಟ ಫೋಟೋ ಕಳಿಸಿ ಅವನ ಕೈಗೆ ಕೋಲು ಕೊಟ್ಟಿದ್ದೆ. ಕೊನೆಗೆ ಬಂದಿದ್ದು ಇದು: "ಬೇಡ ಅಂದ್ರೆ ಸುಟ್ಟಿದ್ರೂ ಪರವಾಗಿಲ್ಲ, 40 ಡಾಲರ್‌ಗೆ ನಾನೇ ತಗೊಳ್ತೀನಿ." ಯಾಕೆ? ಇನ್ನೊಬ್ಬ ನನ್ನಂಥವನಿಗೆ ಮಾರೋಕೆ!

ಹೆಸರು ಹಾಕಲ್ಲ, ನಾಳೆ ಬೇರೆ ಹೆಸರಲ್ಲಿ ಬರ್ತಾನೆ. ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ಕೇಳಿ. ಜಾತಿಯ ಹೆಸರನ್ನ ಅಕ್ಷರದಲ್ಲಿ ಬರೆಸ್ಕೊಳ್ಳಿ, ಚಿತ್ರ ಗಿತ್ರ ಒಪ್ಪಬೇಡಿ. ಸೂಜಿ ಚುಚ್ಚೋ ಮೊದಲು ವಾಪಸಾತಿ ಮಾತು ಮುಗಿಸಿ. ಮಕ್ಕಳು ಕೂದಲಿದೆ ಅಂದ್ರೆ ನೋಡಿ.

40 ಡಾಲರ್ ಬೇಡ ಅಂದೆ. ಹನ್ನೆರಡರ ಹಿಂದೆಯೂ ಅಳಿಸದ ಇಂಕಿನಲ್ಲಿ "ಹೊಸದು" ಅಂತ ಬರೆದು ಬೋರ್ನ್‌ವಿಟಾ ಡಬ್ಬಿಗೆ ಹಾಕಿದ್ದೀನಿ. ಟ್ಯಾಂಪಾ ಕಡೆಯವರು ಯಾರಾದ್ರೂ ಏನಾದ್ರೂ ಕೊಳ್ಳೋ ಮೊದಲು ಗಾತ್ರ ಹೋಲಿಸಿ ನೋಡಬೇಕು ಅಂದ್ರೆ ಶನಿವಾರ ಬನ್ನಿ, ಡಬ್ಬಿ ಕೊಡ್ತೀನಿ. ಆ ಹುಡುಗಿಗೆ ಹೋದ ವಾರವೇ ಹೇಳಿದೆ, ಬೇರಲ್ಲಮ್ಮಾ ಅದು ಕೂದಲೇ ಅಂತ. "ಗೊತ್ತಿತ್ತು ಅಂಕಲ್" ಅಂದಳು.